ಮಾತು ಉಳಿಸಿಕೊಳ್ಳುವುದು, ಮಾತು ಕೊಡುವುದು

ಪತ್ರಕರ್ತರನ್ನು ಕುರಿತ ಹೆಚ್ಚಿನ ಸಿನಿಮಾಗಳು ಸುದ್ದಿ ಅಚ್ಚಾಗುವಲ್ಲಿಗೆ ಮುಗಿಯುತ್ತವೆ. ರಾಡ್ ಲೂರಿ ಬರೆದು ನಿರ್ದೇಶಿಸಿದ ‘ನಥಿಂಗ್ ಬಟ್ ದಿ ಟ್ರೂತ್’ (2008) ಅಲ್ಲಿಂದ ಶುರುವಾಗುತ್ತದೆ. ವಿತರಕ ಕಂಪನಿ ಬಿಡುಗಡೆಯ ಹೊತ್ತಿಗೇ ದಿವಾಳಿಯೆದ್ದದ್ದರಿಂದ ಅಮೆರಿಕದ ಚಿತ್ರಮಂದಿರಗಳಲ್ಲೇ ಅದು ಸರಿಯಾಗಿ ಓಡಲಿಲ್ಲ. ಹಾಗೆ ಮರೆಯಾಗಬೇಕಾದ ಚಿತ್ರವಲ್ಲ ಅದು.

ಕಥೆಯಲ್ಲಿ, ಅಧ್ಯಕ್ಷರ ಹತ್ಯೆಗೆ ನಡೆದ ಯತ್ನಕ್ಕೆ ಪ್ರತೀಕಾರವೆಂದು ಅಮೆರಿಕ ವೆನೆಜುವೆಲಾ ಮೇಲೆ ದಾಳಿ ಮಾಡಿದೆ. ಆ ದೇಶದ ಕೈವಾಡವಿಲ್ಲವೆಂದು ಸಿಐಎಯ ರಹಸ್ಯ ಅಧಿಕಾರಿ ಎರಿಕಾ (ವೆರಾ ಫಾರ್ಮಿಗಾ) ವರದಿ ಕೊಟ್ಟಿದ್ದರೂ ಸರ್ಕಾರ ಅದನ್ನು ಬದಿಗಿಟ್ಟಿದೆ. ವಾಷಿಂಗ್ಟನ್ನಿನ ವರದಿಗಾರ್ತಿ ರೇಚಲ್ (ಕೇಟ್ ಬೆಕಿನ್‌ಸೇಲ್) ಎರಿಕಾಳ ಹೆಸರಿನ ಸಮೇತ ಇದನ್ನು ಬಯಲು ಮಾಡುತ್ತಾಳೆ. ಇಬ್ಬರ ಮಕ್ಕಳೂ ಒಂದೇ ಶಾಲೆಯಲ್ಲಿ ಓದುತ್ತಿದ್ದಾರೆ. ರಹಸ್ಯ ಅಧಿಕಾರಿಯ ಹೆಸರು ಸೋರಿಸುವುದು ಅಪರಾಧ. ಹಾಗಾಗಿ ವಿಶೇಷ ಪ್ರಾಸಿಕ್ಯೂಟರ್ ಕೇಳುವ ಪ್ರಶ್ನೆ ಒಂದೇ: ನಿನಗೆ ಹೇಳಿದವರು ಯಾರು? ರೇಚಲ್ ಬಾಯಿ ಬಿಡುವುದಿಲ್ಲ. ನ್ಯಾಯಾಂಗ ನಿಂದನೆಯೆಂದು ಜೈಲು. ತಿಂಗಳುಗಳು ಉರುಳುತ್ತವೆ. ಗಂಡ ದೂರವಾಗುತ್ತಾನೆ, ಮಗ ಅಮ್ಮನಿಲ್ಲದೆ ಬದುಕುವುದನ್ನು ಕಲಿಯುತ್ತಾನೆ. ಹೊರಗೆ ಎರಿಕಾ ಗುಂಡೇಟಿಗೆ ಬಲಿಯಾಗುತ್ತಾಳೆ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ, ಕೊಟ್ಟ ಮಾತಿಗೆ ಪ್ರಾಣವನ್ನೇ ಒಡ್ಡುವ ತಾಯಿ ಹೊಸಬಳಲ್ಲ. ಆದರೆ ಇಲ್ಲಿ ಹುಲಿಯ ಮನಸ್ಸು ಕರಗುವುದಿಲ್ಲ. ಒಂದು ಆರೋಪದಿಂದ ಬಿಡುಗಡೆಯಾದವಳನ್ನು ಇನ್ನೊಂದು ಆರೋಪದ ಮೇಲೆ ಮತ್ತೆ ಹಿಡಿದು ಒಳಗೆ ಹಾಕುತ್ತಾರೆ.

ಇದಕ್ಕೆ ಪ್ರೇರಣೆಯಾದ ನಿಜಘಟನೆ ಇನ್ನೂ ಜಟಿಲ. ಇರಾಕ್ ಯುದ್ಧಕ್ಕೆ ಕಾರಣ ಒದಗಿಸಲು ಸರ್ಕಾರ ಗುಪ್ತಚರ ಮಾಹಿತಿಯನ್ನು ತಿರುಚಿದೆಯೆಂದು ಮಾಜಿ ರಾಯಭಾರಿ ಜೋಸೆಫ್ ವಿಲ್ಸನ್ 2003ರ ಜುಲೈ 6ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. ಎಂಟು ದಿನಗಳ ಬಳಿಕ ಅಂಕಣಕಾರ ರಾಬರ್ಟ್ ನೊವಾಕ್, ವಿಲ್ಸನ್‌ರ ಹೆಂಡತಿ ವ್ಯಾಲರಿ ಪ್ಲೇಮ್ ಸಿಐಎಯವರೆಂದು ಅಚ್ಚು ಹಾಕಿದರು. ಜೈಲಿಗೆ ಹೋದವರು ಮಾತ್ರ ಆ ವಿಷಯವಾಗಿ ಒಂದು ಸಾಲನ್ನೂ ಪ್ರಕಟಿಸದಿದ್ದ ‘ಟೈಮ್ಸ್’ನ ಜುಡಿತ್ ಮಿಲ್ಲರ್. ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಯೆದುರು ತಮ್ಮ ಸುದ್ದಿಮೂಲದ ಹೆಸರು ಹೇಳಲೊಪ್ಪದೆ 2005ರಲ್ಲಿ ಅವರು 85 ದಿನ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಜೈಲಿನಲ್ಲಿದ್ದರು. ಮಾತಾಡಲು ಅಡ್ಡಿಯಿಲ್ಲವೆಂದು ಮೂಲವೇ ತಿಳಿಸಿದ ಮೇಲೆ ಹೊರಬಂದು ಸಾಕ್ಷ್ಯ ನುಡಿದರು. ಆ ಮೂಲ, ಉಪಾಧ್ಯಕ್ಷ ಡಿಕ್ ಚೇನಿ ಅವರ ಮುಖ್ಯ ಸಹಾಯಕ ಲೂಯಿಸ್ ಲಿಬ್ಬಿ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ, ತನಿಖೆಗೆ ಅಡ್ಡಿಪಡಿಸಿದ್ದಕ್ಕೆ ಲಿಬ್ಬಿ 2007ರಲ್ಲಿ ಅಪರಾಧಿಯೆನಿಸಿದರು. ಮಿಲ್ಲರ್ ಪರ ವಾದಿಸಿದ್ದ ವಕೀಲ ಫ್ಲಾಯ್ಡ್ ಏಬ್ರಮ್ಸ್, ಚಿತ್ರದಲ್ಲಿ ರೇಚಲ್‌ಳನ್ನು ಜೈಲಿಗೆ ಕಳಿಸುವ ನ್ಯಾಯಾಧೀಶರಾಗಿ ನಟಿಸಿದ್ದಾರೆ.

ಕೊನೆಯ ದೃಶ್ಯವನ್ನು ಹೇಳದೆ ಈ ಚಿತ್ರದ ಕುರಿತು ವಾದಿಸಲಾಗದು. ರೇಚಲ್ ಕಾಪಾಡಿದ್ದು ಅಧಿಕಾರಸ್ಥರನ್ನಲ್ಲ, ಎರಿಕಾಳ ಪುಟ್ಟ ಮಗಳನ್ನು. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಪಕ್ಕ ಕೂತ ಮಗು ಅಮ್ಮನ ಕೆಲಸದ ಬಗ್ಗೆ ಮುಗ್ಧವಾಗಿ ಹೇಳಿಬಿಟ್ಟಿದೆ. ನಾನು ಹೇಳಿದೆನೆಂದು ಯಾರಿಗೂ ಹೇಳಬೇಡಿ ಎಂದಿದೆ. ನೋಡುಗರ ಕಣ್ಣು ತುಂಬುತ್ತದೆ. ಆದರೆ ಲೂರಿ ತಮ್ಮ ಪ್ರಶ್ನೆಯನ್ನು ಸುಲಭ ಮಾಡಿಕೊಂಡದ್ದೂ ಇಲ್ಲೇ. ತಾಯಿಯ ಸಾವಿಗೆ ನೀನೇ ಕಾರಣಳೆಂಬ ಭಾರವನ್ನು ಒಂದು ಮಗುವಿನ ತಲೆಗೆ ಕಟ್ಟಲು ಯಾರು ತಾನೇ ಒಪ್ಪಿಯಾರು? ಆ ಮಗುವಿನ ಜಾಗದಲ್ಲಿ ಲಿಬ್ಬಿಯನ್ನು ಕೂರಿಸಿ ನೋಡಿ. ಸರ್ಕಾರದ ಟೀಕಾಕಾರನನ್ನು ಹಣಿಯಲು ಅವನ ಹೆಂಡತಿಯ ಗುಟ್ಟನ್ನು ಪತ್ರಕರ್ತರ ಕಿವಿಗೆ ಹಾಕುವ ಅಧಿಕಾರಿಗಾಗಿಯೂ ಜೈಲಿಗೆ ಹೋಗಬೇಕೆ?

ಹೋಗಬೇಕು ಎಂಬುದೇ ನನ್ನ ಉತ್ತರ. ಮಿಲ್ಲರ್ ಜೈಲಿಗೆ ಹೋಗುವ ಕೆಲವೇ ವಾರಗಳ ಮೊದಲು, ವಾಟರ್‌ಗೇಟ್ ಹಗರಣದ ಗುಪ್ತ ಸುದ್ದಿಮೂಲ ‘ಡೀಪ್ ಥ್ರೋಟ್’ ತಾನೇ ಎಂದು ಎಫ್‌ಬಿಐನ ಮಾಜಿ ಉಪಮುಖ್ಯಸ್ಥ ಮಾರ್ಕ್ ಫೆಲ್ಟ್ ಜಗತ್ತಿಗೆ ತಿಳಿಸಿದ್ದರು. ಆ ಹಗರಣವನ್ನು ವರದಿ ಮಾಡಿದ ಪತ್ರಕರ್ತರಾದ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಆ ಹೆಸರನ್ನು ಮೂರು ದಶಕ ಕಾಪಾಡಿದ್ದರು. ಫೆಲ್ಟ್ ಕೂಡ ಸಂತರಲ್ಲ. ವಾರಂಟ್ ಇಲ್ಲದೆ ಜನರ ಮನೆಗಳಿಗೆ ನುಗ್ಗಿ ಶೋಧಿಸಲು ಅನುಮತಿಸಿದ್ದಕ್ಕೆ 1980ರಲ್ಲಿ ಶಿಕ್ಷೆಗೊಳಗಾದವರು. ಒಳ್ಳೆಯವರ ಗುಟ್ಟನ್ನಷ್ಟೇ ಉಳಿಸುತ್ತೇವೆಂದು ಪತ್ರಕರ್ತರು ಹೊರಟರೆ, ನಾಳೆ ಕಡತ ಹಿಡಿದು ಬರಬೇಕಾದ ಗುಮಾಸ್ತ ತಾನು ಒಳ್ಳೆಯವನೆಂದು ಮೊದಲು ರುಜುವಾತು ಮಾಡಬೇಕಾಗುತ್ತದೆ. ಅವನು ಬರುವುದೇ ಇಲ್ಲ. ಗೋಪ್ಯತೆಯ ಮಾತು ಉಳಿಯಬೇಕಾದದ್ದು ಕೇಳಿದವರ ಯೋಗ್ಯತೆಗಾಗಿ ಅಲ್ಲ, ಮುಂದೆ ಬರಬೇಕಾದವರ ಧೈರ್ಯಕ್ಕಾಗಿ.

ಆದ್ದರಿಂದಲೇ ಆ ಮಾತನ್ನು ಕೊಡುವ ಗಳಿಗೆಯಲ್ಲಿ ಪತ್ರಕರ್ತರು ಜಿಪುಣರಾಗಬೇಕು. ಇವರು ಹೆಸರು ಮರೆಸಲು ಕೇಳುತ್ತಿರುವುದು ಯಾಕೆ? ಹೆಸರು ಹೊರಬಿದ್ದರೆ ಇವರಿಗೆ ಹೋಗುವುದು ಕೆಲಸವೋ ಜೀವವೋ, ಅಥವಾ ಬರೀ ಮುಜುಗರವೋ? ಈ ಸುದ್ದಿಯಿಂದ ಪೆಟ್ಟು ತಿನ್ನುವವರು ಯಾರು? ಇವನ್ನು ಕೇಳಿಕೊಳ್ಳದೆ ‘ಮೂಲಗಳು ತಿಳಿಸಿವೆ’ ಎಂದು ಬರೆದರೆ ಪತ್ರಿಕೆ ಅಧಿಕಾರದ ಕೈಗೂಸಾಗುತ್ತದೆ. ಈ ಅಳತೆಗೋಲು ರೇಚಲ್‌ಗೂ ಅನ್ವಯಿಸಬೇಕು. ಮಗುವಿಗೆ ತಾನೇನು ಹೇಳುತ್ತಿದ್ದೇನೆಂಬ ಅರಿವಿರಲಿಲ್ಲ, ದೊಡ್ಡವಳಿಗೆ ಇತ್ತು. ದಾಳಿಗೆ ಆಧಾರವಿರಲಿಲ್ಲ ಎಂಬುದನ್ನು ನಾಡಿಗೆ ಹೇಳಲೇಬೇಕಿತ್ತು. ಎರಿಕಾಳ ಹೆಸರು ಬೇಕಿತ್ತೇ? ಚಿತ್ರ ಜೈಲಿನ ತ್ಯಾಗದ ಮೇಲೆ ಇಟ್ಟಷ್ಟು ಕಣ್ಣನ್ನು ಈ ಪ್ರಶ್ನೆಯ ಮೇಲೆ ಇಡುವುದಿಲ್ಲ.

ಇನ್ನು ಕಾನೂನು. ಗ್ರ್ಯಾಂಡ್ ಜ್ಯೂರಿಯ ಮುಂದೆ ಪತ್ರಕರ್ತರಿಗೆ ವಿಶೇಷ ರಕ್ಷಣೆಯಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ, ಬ್ರಾಂಜ್‌ಬರ್ಗ್ ಪ್ರಕರಣದಲ್ಲಿ, 5–4ರ ಬಹುಮತದಿಂದ ತೀರ್ಪಿತ್ತಿತು. ಚಿತ್ರದಲ್ಲಿ ರೇಚಲ್‌ಳ ವಕೀಲ (ಅಲನ್ ಆಲ್ಡಾ) ಆ ಕೋರ್ಟಿನೆದುರು ಮನಮುಟ್ಟುವಂತೆ ವಾದಿಸುತ್ತಾರೆ. ನಿಜದಲ್ಲಿ ಮಿಲ್ಲರ್ ಮೇಲ್ಮನವಿಯನ್ನು ಅದು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಮೂಲದ ಗೋಪ್ಯತೆ ಕಾಯುವ ‘ಪ್ರೆಸ್ ಆ್ಯಕ್ಟ್’ ಮಸೂದೆ 2024ರ ಜನವರಿಯಲ್ಲಿ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ನಮ್ಮಲ್ಲೂ 1978ರ ಪತ್ರಿಕಾ ಮಂಡಳಿ ಕಾಯ್ದೆ ಕೊಡುವ ರಕ್ಷಣೆ ಆ ಮಂಡಳಿಯ ವಿಚಾರಣೆಗಷ್ಟೇ ಸೀಮಿತ. ಆ ರಕ್ಷಣೆ ಕೋರ್ಟುಗಳಲ್ಲೂ ಸಿಗುವಂತೆ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ತರಬೇಕೆಂದು ಕಾನೂನು ಆಯೋಗ 1983ರಲ್ಲೇ ಹೇಳಿತ್ತು. 2023ರಲ್ಲಿ ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದಾಗಲೂ ಆ ಮಾತಿಗೆ ಜಾಗ ಸಿಗಲಿಲ್ಲ. ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟಿಗಾದರೆ ಅಲ್ಲಿ ರಕ್ಷಣೆಯಿದೆ.

ಯಾವ ಮಿತಿಯೂ ಇಲ್ಲದ ಹಕ್ಕನ್ನು ನಾನು ಕೇಳುತ್ತಿಲ್ಲ. ಒಂದು ಜೀವ ತಕ್ಷಣ ಉಳಿಯಬೇಕಿದ್ದರೆ, ಬೇರೆಲ್ಲ ದಾರಿಯೂ ಮುಗಿದಿದ್ದರೆ, ನ್ಯಾಯಾಧೀಶರು ಕಾರಣವನ್ನು ಲಿಖಿತವಾಗಿ ಕೊಟ್ಟು ಹೆಸರು ಕೇಳಬಹುದು. ಪೊಲೀಸರ ಅನುಕೂಲಕ್ಕಾಗಿ, ಸರ್ಕಾರದ ಸಿಟ್ಟಿಗಾಗಿ ಕೇಳುವಂತಿರಬಾರದು. ಮಾತು ಕೊಡುವ ಮುನ್ನ ಯೋಚಿಸುವುದು ಪತ್ರಕರ್ತರ ಹೊಣೆ. ಕೊಟ್ಟ ಮಾತು ಉಳಿಸಿಕೊಳ್ಳಲು ಅವರು ಜೈಲಿಗೆ ಹೋಗದಂತೆ ನೋಡಿಕೊಳ್ಳುವುದು ಶಾಸನಸಭೆಗಳ ಹೊಣೆ. ಎರಡರಲ್ಲಿ ಒಂದು ತಪ್ಪಿದರೂ ನಷ್ಟ ಓದುಗರದೇ.