ಮೂಟೆಗೆ ಹಗ್ಗ ಬಿಗಿಯುತ್ತೇವೆ, ಮಗುವಿಗೆ?

ಕಾಫಿ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸಿಗೆ, ಅಡಿಕೆ ಮೂಟೆಗಳನ್ನು ಮಂಡಿಗೆ ಸಾಗಿಸುವಾಗ ನಮ್ಮ ಸದಸ್ಯರಲ್ಲಿ ಯಾರೂ ಹಗ್ಗ ಬಿಗಿಯದೆ ಪಿಕಪ್ ಹೊರಡಿಸುವುದಿಲ್ಲ. ಬಿಗಿದ ಮೇಲೂ ಒಮ್ಮೆ ಕೈಯಿಂದ ಜಗ್ಗಿ ನೋಡುತ್ತಾರೆ. ಘಾಟಿಯ ತಿರುವಿನಲ್ಲಿ ಮೂಟೆ ಜಾರಿದರೆ ಆಗುವ ನಷ್ಟವನ್ನು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಘಾಟಿಯಲ್ಲಿ, ಅದೇ ಮನೆಯ ಕಾರಿನಲ್ಲಿ, ನಾಲ್ಕು ದಿನದ ಹಸುಗೂಸನ್ನು ಆಸ್ಪತ್ರೆಯಿಂದ ಕರೆತರುವಾಗ ಅದನ್ನು ಹಿಡಿದಿಟ್ಟಿರುವುದು ಅಜ್ಜಿಯ ಎರಡು ಕೈಗಳು ಮಾತ್ರ. ಈ ಪದ್ಧತಿಯನ್ನು ನಾವು ಬಿಡಬೇಕು. ಹಸುಗೂಸಿಗೆ ಕಾರಿನಲ್ಲಿ ತಕ್ಕ ಜಾಗವೆಂದರೆ ಹಿಂದಿನ ಸೀಟಿನಲ್ಲಿ ಭದ್ರವಾಗಿ ಕಟ್ಟಿದ ಹಿಮ್ಮುಖ ಬೇಬಿ ಸೀಟು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊಳೆರೋಗ, ಕಾಯಿಕೊರಕ, ಗೊಬ್ಬರದ ಬೆಲೆ ಇವನ್ನು ಬಿಟ್ಟು ಈ ಪತ್ರಿಕೆಯಲ್ಲಿ ಮಗುವಿನ ಸೀಟಿನ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿ ಫಲಕ್ಕೆ ಬರುವ ಹೊತ್ತಿಗೆ ಈ ವರ್ಷ ಹುಟ್ಟಿದ ಮಗು ಶಾಲೆಗೆ ಹೋಗುತ್ತಿರುತ್ತದೆ. ತೋಟ ಮಾಡುವುದು ಯಾರಿಗಾಗಿ ಎಂದು ಯೋಚಿಸಿದರೆ ಈ ಮಾತು ನಮ್ಮ ಪತ್ರಿಕೆಗೆ ಹೊರತಾದದ್ದಲ್ಲ.

ಮೊದಲು ಹೊಡೆತದ ಲೆಕ್ಕ ನೋಡೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಮರಕ್ಕೋ ಎದುರಿನ ಲಾರಿಗೋ ಬಡಿದು ನಿಂತರೆ, ಅದರ ಪೆಟ್ಟು ಸುಮಾರು 32 ಅಡಿ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ಬೆಳೆದ ಅಡಿಕೆ ಮರದ ಮೇಲಿನಿಂದ ಜಾರಿ ಬಿದ್ದಂತೆ ಎಂದರೆ ನಮಗೆ ಬೇಗ ಅರ್ಥವಾದೀತು. ವೇಗ 40 ಕಿ.ಮೀ. ಇದ್ದರೂ ಅದು 20 ಅಡಿಯ ಬೀಳುವಿಕೆ. 'ನಮ್ಮ ರಸ್ತೆಯಲ್ಲಿ ವೇಗವಾಗಿ ಹೋಗುವುದೆಲ್ಲಿ ಬಂತು' ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಕೈಬಲದ ಮಾತು. 50 ಕಿ.ಮೀ. ವೇಗದಲ್ಲಿದ್ದ ಕಾರು ಮುಂಭಾಗ ನಜ್ಜುಗುಜ್ಜಾಗಿ ಅರ್ಧ ಮೀಟರಿನೊಳಗೆ ನಿಂತಿತೆಂದು ಇಟ್ಟುಕೊಂಡರೆ, 8 ಕಿಲೋ ತೂಕದ ಮಗು ಆ ಕ್ಷಣದಲ್ಲಿ ಸುಮಾರು 160 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಇದು 50 ಕಿಲೋದ ಮೂರು ಮೂಟೆಗಿಂತ ಹೆಚ್ಚು. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಮೂಟೆಯನ್ನು ತಡೆದು ಹಿಡಿಯುವ ತೋಳು ಯಾವ ತಾಯಿಗೂ ಇಲ್ಲ. ಪ್ರೀತಿ ಕಡಮೆಯೆಂದು ಯಾರೂ ಹೇಳುತ್ತಿಲ್ಲ. ಕೈಗೆ ಆ ಶಕ್ತಿ ಇಲ್ಲ, ಅಷ್ಟೆ. ತಾಯಿ ಮಗು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಕೆಟ್ಟದ್ದು. ಆಗ ತಾಯಿಯ ಭಾರವೇ ಮಗುವನ್ನು ಬೆಲ್ಟಿಗೆ ಅದುಮುತ್ತದೆ.

ಸೀಟು ಹಿಮ್ಮುಖವಾಗಿಯೇ ಏಕಿರಬೇಕು? ಹುಟ್ಟಿದ ಮಗುವಿನ ತಲೆ ಅದರ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ. ಕುತ್ತಿಗೆಯ ಮೂಳೆಗಳು ಇನ್ನೂ ಗಟ್ಟಿಯಾಗಿ ಕೂಡಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕೂರಿಸಿದರೆ, ಕಾರು ಬಡಿದಾಗ ಮೈ ಪಟ್ಟಿಗಳಲ್ಲಿ ನಿಂತು ಆ ಭಾರದ ತಲೆ ಮಾತ್ರ ಮುಂದಕ್ಕೆ ಹಾರುತ್ತದೆ. ಎಳೆತವೆಲ್ಲ ಕುತ್ತಿಗೆಯ ಮೇಲೆ. ಹಿಂದಕ್ಕೆ ಮುಖಮಾಡಿ ಕೂರಿಸಿದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಾಗಿ ಸೀಟಿನ ಚಿಪ್ಪಿಗೆ ಒರಗುತ್ತವೆ. ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಈ ವಿಚಾರ ಹೊಸತೇನಲ್ಲ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ತಜ್ಞರು, ಗಗನಯಾತ್ರಿಗಳು ನೌಕೆ ಏರುವಾಗ ಬೆನ್ನು ಒರಗಿಸಿಕೊಳ್ಳುವ ರೀತಿಯಿಂದ ಇದರ ಸುಳಿವು ಪಡೆದು, 1964ರಲ್ಲಿ ಮೊದಲ ಹಿಮ್ಮುಖ ಸೀಟಿನ ಮಾದರಿಯನ್ನು ಪರೀಕ್ಷಿಸಿದರು. ಆ ದೇಶದಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವ ರೂಢಿ ಇದೆ. ಯೂರೋಪಿನಲ್ಲಿ 2013ರಲ್ಲಿ ಬಂದ ನಿಯಮದ ಪ್ರಕಾರ ತಯಾರಾಗುವ ಸೀಟುಗಳಲ್ಲಿ 15 ತಿಂಗಳು ತುಂಬುವವರೆಗೆ ಹಿಮ್ಮುಖವೇ ಕಡ್ಡಾಯ. ಸೀಟಿನ ಮೇಲೆ ಬರೆದಿರುವ ತೂಕ ಮತ್ತು ಎತ್ತರದ ಮಿತಿ ಮುಟ್ಟುವ ತನಕ ಹಿಮ್ಮುಖವಾಗಿಯೇ ಇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಹೇಳಿದೆ. ಮಕ್ಕಳ ಸೀಟಿನ ಬಳಕೆಯಿಂದ ಸಾವು ಶೇಕಡ 60ರಷ್ಟು ಇಳಿಯಬಲ್ಲದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ನಮ್ಮ ಕಾನೂನೂ ಸುಮ್ಮನಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ದಂಡದ ಭಯಕ್ಕಾಗಿ ಮಾಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಇದು ಪಟ್ಟಣದ ಶ್ರೀಮಂತರ ಷೋಕಿ ಎನ್ನುವ ಮಾತನ್ನು ಇನ್ನು ಬಿಡಬಹುದು.

ಸೀಟು ಕೊಂಡರಷ್ಟೇ ಸಾಲದು. ಬೋರ್ಡೋ ದ್ರಾವಣದಲ್ಲಿ ಸುಣ್ಣದ ಅಳತೆ ತಪ್ಪಿದರೆ ಹೊಡೆದ ಔಷಧಿ ಹೇಗೆ ಕೆಲಸಕ್ಕೆ ಬಾರದೋ, ಸಡಿಲವಾಗಿ ಇಟ್ಟ ಸೀಟೂ ಹಾಗೆಯೇ. ಆದ್ದರಿಂದ ಕೂರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಮನೆಗಳ ಮುಂದೆ ಇಳಿಜಾರೇ ಹೆಚ್ಚು. ಕಾಫಿ ಕಣವೋ ಅಡಿಕೆ ಒಣಗಿಸುವ ಅಂಗಳವೋ ಇದಕ್ಕೆ ಅನುಕೂಲ. ಹಸುಗೂಸಿಗೆ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ಹೆಚ್ಚು ನೆಟ್ಟಗಿದ್ದರೆ ತಲೆ ಎದೆಗೆ ಬಾಗಿ ಉಸಿರಿಗೆ ತೊಂದರೆಯಾಗುತ್ತದೆ. ಅನೇಕ ಸೀಟುಗಳ ಪಕ್ಕದಲ್ಲಿ ಇದಕ್ಕೆಂದೇ ಒಂದು ಗೆರೆ ಇರುತ್ತದೆ. ಅದು ನೆಲಕ್ಕೆ ಸಮನಾಗಿರಬೇಕು.

ಕಾರಿನ ಬೆಲ್ಟನ್ನು ಸೀಟಿನ ಮೇಲೆ ಗುರುತು ಮಾಡಿದ ದಾರಿಯಲ್ಲೇ ಹಾಯಿಸಬೇಕು. ಸಾಮಾನ್ಯವಾಗಿ ಹಿಮ್ಮುಖಕ್ಕೆ ನೀಲಿ ಗುರುತು, ಮುಮ್ಮುಖಕ್ಕೆ ಕೆಂಪು. ಸೀಟನ್ನು ಕೈಯಿಂದ ಅದುಮಿ ಹಿಡಿದು ಬೆಲ್ಟಿನ ಸಡಿಲವನ್ನೆಲ್ಲ ಎಳೆದು ತೆಗೆಯಿರಿ. ಆಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಹೊಸ ಕಾರುಗಳಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿದ್ದರೆ, ಅದಕ್ಕೆ ಹೊಂದುವ ಸೀಟನ್ನು ನೇರವಾಗಿ ಸಿಕ್ಕಿಸಬಹುದು.

ಮಗುವನ್ನು ಮಲಗಿಸಿದ ಮೇಲೆ ಹೆಗಲ ಪಟ್ಟಿಗಳು ಅದರ ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಹೆಗಲ ಮೇಲಿನ ಪಟ್ಟಿಯನ್ನು ಬೆರಳಿನಿಂದ ಚಿವುಟಿ ಹಿಡಿಯಲು ಬಂದರೆ ಅದು ಸಡಿಲವೆಂದೇ ಅರ್ಥ. ಮಲೆನಾಡಿನ ಚಳಿಗೆ ದಪ್ಪ ಸ್ವೆಟರ್ ತೊಡಿಸಿ, ಕಂಬಳಿ ಸುತ್ತಿ, ಆ ಮೇಲೆ ಪಟ್ಟಿ ಬಿಗಿಯುವುದು ತಪ್ಪು. ಹೊಡೆತಕ್ಕೆ ಬಟ್ಟೆ ಅಮುಕಿಕೊಂಡು ಮಗು ಜಾರಿಬಿಡುತ್ತದೆ. ತೆಳು ಬಟ್ಟೆಯಲ್ಲಿ ಪಟ್ಟಿ ಬಿಗಿದು, ಶಾಲನ್ನು ಮೇಲಿನಿಂದ ಹೊದಿಸಿ.

ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗಿನ ಎದುರು, ಹಿಮ್ಮುಖ ಸೀಟನ್ನು ಎಂದಿಗೂ ಇಡಬಾರದು. ದೊಡ್ಡವರನ್ನು ಉಳಿಸುವ ಆ ಚೀಲ ಸಿಡಿದು ಬಂದು ಹಿಮ್ಮುಖ ಸೀಟಿನ ಬೆನ್ನಿಗೆ ಬಡಿದರೆ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು. ಹಿಂದೆ ಸೀಟೇ ಇಲ್ಲದ ಪಿಕಪ್ಪಿನಲ್ಲಿ ಮುಂದೆ ಏರ್‌ಬ್ಯಾಗ್ ಇದ್ದು, ಅದನ್ನು ಬಂದ್ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಆ ಗಾಡಿ ಕೂಸಿಗಲ್ಲ. ಹಾಗೆಯೇ ನಮ್ಮ ತೋಟಗಳ ಹಳೆಯ ಜೀಪುಗಳ ಹಿಂಭಾಗದಲ್ಲಿ ಎದುರುಬದುರಾಗಿ ಅಡ್ಡಕ್ಕೆ ಹಾಕಿದ ಬೆಂಚುಗಳಿವೆ. ಅಂಥ ಬೆಂಚಿನ ಮೇಲೆ ಯಾವ ಮಕ್ಕಳ ಸೀಟೂ ಭದ್ರವಾಗಿ ಕೂರುವುದಿಲ್ಲ. ಜೀಪು ತೋಟಕ್ಕೆ ಎಷ್ಟೇ ಉಪಕಾರಿಯಾಗಿರಲಿ, ಬಾಣಂತಿ ಮಗುವನ್ನು ಕರೆತರಲು ಬೇರೆ ಗಾಡಿ ಹುಡುಕುವುದೇ ಲೇಸು.

ಹಿರಿಯರ ಆಕ್ಷೇಪಗಳನ್ನೂ ನಾವು ಬಲ್ಲೆವು. ಕಟ್ಟಿಹಾಕಿದರೆ ಮಗು ಅಳುತ್ತದೆ ಎನ್ನುತ್ತಾರೆ. ಅತ್ತರೆ ಪಕ್ಕದಲ್ಲಿ ಕುಳಿತ ತಾಯಿ ಸಮಾಧಾನ ಮಾಡಬಹುದು. ಹಾಲಿಗಾಗಿ ಅತ್ತರೆ ಗಾಡಿ ನಿಲ್ಲಿಸಿ, ಎತ್ತಿಕೊಂಡು, ಕುಡಿಸಿ, ಮತ್ತೆ ಕಟ್ಟಿ ಹೊರಡಬಹುದು. ದೂರದ ಪ್ರಯಾಣದಲ್ಲಿ ಹೀಗೆ ಆಗಾಗ ಎತ್ತಿಕೊಳ್ಳುವುದು ಮಗುವಿಗೂ ಒಳ್ಳೆಯದು. ಮಗು ಸ್ವಲ್ಪ ಬೆಳೆದಾಗ ಕಾಲು ಮಡಚಿಕೊಳ್ಳಬೇಕಾಗುತ್ತದೆಂಬ ಚಿಂತೆ ಬೇಡ. ಮಕ್ಕಳಿಗೆ ಅದು ತೊಂದರೆಯಲ್ಲ.

ಉಳಿದದ್ದು ಖರ್ಚಿನ ಮಾತು. ಸಣ್ಣ ಬೆಳೆಗಾರನಿಗೆ ಕೆಲವು ಸಾವಿರ ರೂಪಾಯಿ ಹಗುರವಲ್ಲ. ಅದರಲ್ಲೂ ಹಸುಗೂಸಿನ ಸೀಟು ಹೆಚ್ಚೆಂದರೆ 13 ಕಿಲೋ ತೂಕದವರೆಗೆ, ಅಂದರೆ ಒಂದು ಒಂದೂವರೆ ವರ್ಷಕ್ಕೆ ಮಾತ್ರ ಬರುತ್ತದೆ. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಾಳೆ, ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಹೊರಡುತ್ತಾಳೆ. ಸೀಟು ಕೊಳ್ಳತಕ್ಕವರು ಯಾರೆಂಬ ಪ್ರಶ್ನೆಯಲ್ಲೇ ಮಗು ಮಡಿಲಿನಲ್ಲಿ ಉಳಿದುಬಿಡುತ್ತದೆ. ತೊಟ್ಟಿಲು ಕೊಡಿಸುವ ತವರು ಇದನ್ನೂ ಕೊಡಿಸಲಿ ಎಂಬುದು ಒಂದು ದಾರಿ. ಯಾರೋ ಬಳಸಿದ್ದನ್ನು ಅಗ್ಗಕ್ಕೆ ಕೊಳ್ಳುವುದು ಇನ್ನೊಂದು. ಆದರೆ ಆ ಸೀಟು ಹಿಂದೆ ಅಪಘಾತಕ್ಕೆ ಸಿಕ್ಕಿದ್ದರೆ ಒಳಗಿನ ಬಿರುಕು ಕಣ್ಣಿಗೆ ಕಾಣದು.

ಇಲ್ಲಿಯೇ ಸಹಕಾರ ಸಂಘದ ಕೆಲಸವಿದೆ. ಸಿಂಪರಣಾ ಯಂತ್ರ, ದೋಟಿಗಳನ್ನು ಬಾಡಿಗೆಗೆ ಕೊಡುವ ಸಂಘಗಳು ನಾಲ್ಕಾರು ಮಕ್ಕಳ ಸೀಟುಗಳನ್ನು ಇಟ್ಟುಕೊಳ್ಳುವುದು ದೊಡ್ಡ ಮಾತಲ್ಲ. ಯಾರು ಒಯ್ದರು, ಯಾವಾಗ ತಂದರು, ಗಾಡಿ ಎಲ್ಲಾದರೂ ಬಡಿಯಿತೇ ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಅಪಘಾತಕ್ಕೆ ಸಿಕ್ಕಿದ ಸೀಟನ್ನು, ಅವಧಿ ಮುಗಿದ ಸೀಟನ್ನು ತೆಗೆದುಹಾಕಬಹುದು. ಗುರುತು ಪರಿಚಯವಿಲ್ಲದವರ ಹಳೆಯ ಸೀಟಿಗಿಂತ ಅದು ಹೆಚ್ಚು ನಂಬಿಕೆಯದು. ಕೂರಿಸುವ ಕ್ರಮವನ್ನು ಸಿಬ್ಬಂದಿಯಲ್ಲಿ ಒಬ್ಬರು ಚೆನ್ನಾಗಿ ಕಲಿತು, ಒಯ್ಯುವವರ ಕಾರಿನಲ್ಲೇ ಒಮ್ಮೆ ತೋರಿಸಿಕೊಡಬೇಕು.

ಮುಂಬರುವ ಸಾಮಾನ್ಯ ಸಭೆಯಲ್ಲಿ ಸದಸ್ಯ ಬಂಧುಗಳು ಈ ಸೂಚನೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇವೆ. ಸಭೆಯವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಮನೆಯಲ್ಲಿ ಹೆರಿಗೆಯ ದಿನ ಎಣಿಸುತ್ತಿರುವವರು ಸೀಟನ್ನು ಈಗಲೇ ತಂದು, ಎರಡು ಮೂರು ಬಾರಿ ಕೂರಿಸಿ, ಜಗ್ಗಿ ನೋಡಿ ಅಭ್ಯಾಸ ಮಾಡಿಕೊಳ್ಳಲಿ. ಆಸ್ಪತ್ರೆಯ ಬಾಗಿಲಲ್ಲಿ, ಸುರಿಯುವ ಮಳೆಯಲ್ಲಿ, ಅಳುವ ಮಗುವನ್ನು ಎತ್ತಿಕೊಂಡು ಕಲಿಯುವ ವಿದ್ಯೆ ಇದಲ್ಲ.