ತಟ್ಟೆಯ ಮುಂದಿನ ಪಾಠ

ಮಕ್ಕಳಿಗೆ ಉಣ್ಣಲು ಕಲಿಸುವವರು ಯಾರು? ಪ್ರಶ್ನೆ ವಿಚಿತ್ರವೆಂದು ತೋರೀತು. ಹಸಿವು ಹುಟ್ಟಿನೊಡನೆ ಬಂದದ್ದು. ಅದನ್ನು ಯಾರೂ ಕಲಿಸಬೇಕಾದುದಿಲ್ಲ. ಆದರೆ ಏನನ್ನು, ಎಷ್ಟನ್ನು, ಯಾವ ಮನಸ್ಸಿನಿಂದ ಉಣ್ಣಬೇಕೆಂಬುದು ಹುಟ್ಟಿನೊಡನೆ ಬರುವ ವಿದ್ಯೆಯಲ್ಲ. ಆ ವಿದ್ಯೆಗೆ ಮನೆಯೇ ಶಾಲೆ. ಒಪ್ಪಲಿ ಬಿಡಲಿ, ತಂದೆತಾಯಿಗಳೇ ಉಪಾಧ್ಯಾಯರು. ನಡಿಗೆ, ಓಟ, ಆಟಗಳಿಗೂ ಈ ಮಾತು ಸಲ್ಲುತ್ತದೆ. ಮಕ್ಕಳ ಆರೋಗ್ಯವನ್ನು ಕುರಿತು ಆತಂಕ ತೋಡಿಕೊಳ್ಳುವಾಗ ಅಂಗಡಿಯ ಪೊಟ್ಟಣಗಳನ್ನೂ ಮೊಬೈಲನ್ನೂ ದೂರುವುದು ಸುಲಭ. ಆ ದೂರಿಗೆ ಆಧಾರವಿಲ್ಲದೆಯೂ ಇಲ್ಲ. ಆದರೆ ಪೊಟ್ಟಣವನ್ನು ಮನೆಗೆ ತಂದ ಕೈ ಬಹುಮಟ್ಟಿಗೆ ಮಗುವಿನದಲ್ಲ.

ಈ ಪಾಠ ನಾವು ಎಣಿಸುವುದಕ್ಕಿಂತ ಬಹಳ ಮುಂಚೆಯೇ ಮೊದಲಾಗುತ್ತದೆ. ಎರಡು ಹೃದಯಗಳುಳ್ಳವಳೆಂಬ ಅರ್ಥದಲ್ಲಿ ಗರ್ಭಿಣಿಯನ್ನು ‘ದೌಹೃದಿನಿ’ ಎಂದು ನಮ್ಮ ಆಯುರ್ವೇದ ಗ್ರಂಥಗಳು ಕರೆದಿವೆ. ಬಸುರಿಯ ಬಯಕೆಯನ್ನು ತೀರಿಸಲು ಹಿಂದಿನವರು ಪಡುತ್ತಿದ್ದ ಪಾಡು ಎಲ್ಲರಿಗೂ ತಿಳಿದದ್ದೇ. 2001ರಲ್ಲಿ ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದೇ ದಾರಿಯಲ್ಲಿ ನಡೆದಿದೆ. ಕೆಲವು ತಾಯಂದಿರು ಬಸಿರಿನ ಕೊನೆಯ ತಿಂಗಳುಗಳಲ್ಲಿ, ಕೆಲವರು ಮೊಲೆಯೂಡಿಸುವ ಕಾಲದಲ್ಲಿ ಗಜ್ಜರಿಯ ರಸ ಕುಡಿದರು. ಉಳಿದವರು ಬರಿಯ ನೀರು ಕುಡಿದರು. ಮುಂದೆ ಗಜ್ಜರಿಯ ರುಚಿಯುಳ್ಳ ಹಿಟ್ಟನ್ನು ಉಣಿಸಿದಾಗ, ಆ ರುಚಿಯನ್ನು ತಾಯಿಯ ಮೂಲಕ ಮೊದಲೇ ಬಲ್ಲ ಕೂಸುಗಳು ಮುಖ ಸಿಂಡರಿಸಿದುದು ಕಡಿಮೆ.

ಬಳಿಕ ಬರುವುದು ಬಲವಂತದ ಕಾಲ. ಚಂದಮಾಮನನ್ನು ತೋರಿಸಿ ತುತ್ತಿಡುತ್ತಿದ್ದ ಕೈ ಈಗ ಮೊಬೈಲನ್ನು ತೋರಿಸಿ ತುತ್ತಿಡುತ್ತಿದೆ. (ಚಂದಮಾಮನಿಗಾಗಿ ಮಗುವನ್ನು ಎತ್ತಿಕೊಂಡು ಅಂಗಳಕ್ಕಾದರೂ ಹೋಗಬೇಕಾಗಿತ್ತು.) ಇದಕ್ಕೂ ಕೆಟ್ಟದ್ದು ಲಂಚ: ‘ಸೊಪ್ಪು ತಿಂದರೆ ಚಾಕಲೇಟು’. ಮಗು ಪೆದ್ದಲ್ಲ. ಕೂಲಿ ಕೊಟ್ಟು ತಿನ್ನಿಸಬೇಕಾದ ಪದಾರ್ಥ ಹೇಯವೆಂದೂ, ಕೂಲಿಯಾಗಿ ಬರುವ ಪದಾರ್ಥ ಶ್ರೇಷ್ಠವೆಂದೂ ಅದು ತರ್ಕಬದ್ಧವಾಗಿಯೇ ತೀರ್ಮಾನಿಸುತ್ತದೆ. ಲಿಯಾನ್ ಬರ್ಚ್ ಎಂಬ ಮನೋವಿಜ್ಞಾನಿ ಈ ಬಗೆಯ ಪ್ರಯೋಗಗಳಲ್ಲಿಯೇ ಬಹುಕಾಲ ಕಳೆದವರು. ಅವರೂ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಸೂಪು ಮುಗಿಸು’ ಎಂದು ಒತ್ತಾಯಿಸಿದಾಗಿಗಿಂತ ಸುಮ್ಮನೆ ಬಿಟ್ಟಾಗಲೇ ಎಳೆಯ ಮಕ್ಕಳು ಹೆಚ್ಚು ಕುಡಿದರು.

ಹಾಗಾದರೆ ಮಗುವಿನ ಇಷ್ಟಕ್ಕೇ ಬಿಟ್ಟುಬಿಡೋಣವೆ? ಊಟ ತನ್ನಿಷ್ಟ ಎಂದು ಗಾದೆಯೂ ಹೇಳುತ್ತದೆ. ಇದನ್ನು ಪರೀಕ್ಷಿಸಿ ನೋಡಿದವರು ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ. ಆಗತಾನೆ ಮೊಲೆ ಬಿಟ್ಟ 15 ಶಿಶುಗಳ ಆಹಾರಕ್ಕಾಗಿ ಅವರು 34 ಪದಾರ್ಥಗಳನ್ನು ಆರಿಸಿದ್ದರು. ಮಗು ಕೈಚಾಚಿದುದನ್ನಷ್ಟೇ ದಾದಿ ಕೊಡಬೇಕು, ಹೊಗಳಬಾರದು, ಗದರಬಾರದು. ಮಕ್ಕಳ ಆಯ್ಕೆಗಳು ಅಡ್ಡಾದಿಡ್ಡಿಯಾಗಿದ್ದರೂ ಎಲ್ಲವೂ ಚೆನ್ನಾಗಿ ಬೆಳೆದುವು. ಆದರೆ ಗುಟ್ಟನ್ನು ಡೇವಿಸ್ ಅವರೇ 1939ರ ಬರಹದಲ್ಲಿ ಬಿಟ್ಟುಕೊಟ್ಟಿದ್ದಾರೆ: ಅದೆಲ್ಲ ಆ ಪಟ್ಟಿಯಲ್ಲಿದೆ. ಹಾಲು, ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮಾಂಸಗಳಲ್ಲದೆ ಸಕ್ಕರೆಯಾಗಲಿ ಸಿಹಿತಿಂಡಿಯಾಗಲಿ ಅಲ್ಲಿ ಇರಲಿಲ್ಲ. ಆರಿಸುವ ಸ್ವಾತಂತ್ರ್ಯ ಮಗುವಿನದು. ಏನನ್ನು ಮುಂದಿಡಬೇಕೆಂಬ ಹೊಣೆ ಹಿರಿಯರದು. ನಮ್ಮ ಬಹುಪಾಲು ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಅಂಗಡಿಯಿಂದ ಏನು ಬರಬೇಕೆಂದು ಮಗು ನಿರ್ಣಯಿಸುತ್ತದೆ, ಎಷ್ಟು ತುತ್ತು ಉಣ್ಣಬೇಕೆಂದು ತಾಯಿ ನಿರ್ಣಯಿಸುತ್ತಾಳೆ.

ತಟ್ಟೆಯಲ್ಲಿ ಅಗುಳು ಬಿಡಬಾರದೆಂಬ ನಿಯಮವನ್ನು ನಾವು ಹಗುರವಾಗಿ ಕಾಣುವವರಲ್ಲ. ಬರಗಾಲಗಳನ್ನು ಕಂಡ ಜನರ ವಿವೇಕ ಅದು. ಆದರೆ ಬಡಿಸಿದವರು ದೊಡ್ಡವರು, ಮುಗಿಸಬೇಕಾದದ್ದು ಚಿಕ್ಕವರು ಎಂದರೆ ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಅಲಕ್ಷಿಸುವುದೇ ಮಗುವಿಗೆ ಅಭ್ಯಾಸವಾಗುತ್ತದೆ. ಮುದ್ದೆಯನ್ನು ಚಿಕ್ಕದಾಗಿ ಕಟ್ಟಿ, ಬೇಕಾದರೆ ಇನ್ನೊಂದು ಇದೆಯೆಂದರೆ ಗಾದೆಗೂ ನಿಯಮಕ್ಕೂ ಜಗಳವಿಲ್ಲ. ಇನ್ನೊಂದು ಮುದ್ದೆಯೇ ಇಲ್ಲದ ಮನೆಗಳ ಮಾತು ಬೇರೆ. ಅಲ್ಲಿ ತಂದೆತಾಯಿಗಳಿಗೆ ಉಪದೇಶ ಮಾಡುವುದು ನಾಚಿಕೆಗೇಡು. ಶಾಲೆಯ ಬಿಸಿಯೂಟ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದೇ ಕರ್ತವ್ಯ.

ಆಟದ ವಿಷಯಕ್ಕೆ ಬಂದರೆ ತಂದೆಯ ಹೊಣೆ ಎದ್ದು ಕಾಣುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 4ರಿಂದ 7 ವರ್ಷದ ಸುಮಾರು 100 ಮಕ್ಕಳ ಮೈಗೂ ಅವರ ತಂದೆತಾಯಿಗಳ ಮೈಗೂ ಚಲನೆಯನ್ನು ಅಳೆಯುವ ಯಂತ್ರ ಕಟ್ಟಿ ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿ ಚುರುಕಾಗಿದ್ದರೆ ಮಗುವೂ ಚುರುಕಾಗಿರುವ ಸಂಭವ ಎರಡು ಪಟ್ಟು, ತಂದೆ ಚುರುಕಾಗಿದ್ದರೆ ಮೂರೂವರೆ ಪಟ್ಟು, ಇಬ್ಬರೂ ಹಾಗಿದ್ದರೆ ಆರು ಪಟ್ಟಿನ ಹತ್ತಿರ ಹತ್ತಿರ. ಆರಾಮಕುರ್ಚಿಯಲ್ಲಿ ಒರಗಿಕೊಂಡು ‘ಹೋಗಿ ಆಡಿಕೋ’ ಎನ್ನುವ ತಂದೆಯಿಂದ ಮಗ ಕಲಿಯುವುದು ಒರಗುವುದನ್ನು.

ಲಗೋರಿ, ಚಿನ್ನಿದಾಂಡು, ಮರಕೋತಿಗಳು ಮರೆಯಾದುವೆಂದು ಕೊರಗುವವರು ಬಹಳ ಮಂದಿ. ಆ ಆಟಗಳಿಗೆ ಬೇಕಾದ ಅಂಗಳವನ್ನು ಕಾರು ನಿಲ್ಲಿಸಲು ಬಿಟ್ಟುಕೊಟ್ಟವರೂ ಅವರೇ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಗತ್ತಿನಲ್ಲಿ 11ರಿಂದ 17ರ ಪ್ರಾಯದವರಲ್ಲಿ ನೂರಕ್ಕೆ 81 ಮಂದಿ ಅಷ್ಟು ದಣಿಯುತ್ತಿಲ್ಲವೆಂದು ಅದೇ ಸಂಸ್ಥೆಯ ತಜ್ಞರು 2016ರ ಅಂಕಿಗಳಿಂದ ಲೆಕ್ಕ ಹಾಕಿದರು. ಹುಡುಗಿಯರಲ್ಲಿ ಆ ಲೆಕ್ಕ 85. ನಮ್ಮಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾದುದಿಲ್ಲ. ಮಗಳು ದೊಡ್ಡವಳಾದೊಡನೆ ಬೀದಿಯ ಆಟ ನಿಲ್ಲುತ್ತದೆ. ಹಾಗೆ ನಿಲ್ಲಿಸುವುದು ಮನೆಯೇ. ಮಗನಿಗೆ ಅದು ಹತ್ತನೆಯ ತರಗತಿಯಲ್ಲಿ ನಿಲ್ಲುತ್ತದೆ. ಈ ಒಂದು ವರ್ಷ ಕಳೆಯಲಿ ಎನ್ನುತ್ತಾರೆ, ಬಳಿಕ ಪಿ.ಯು.ಸಿ., ಆ ಬಳಿಕ ಪ್ರವೇಶ ಪರೀಕ್ಷೆ.

ಶಾಲೆಗಳೂ ಇದಕ್ಕೆ ಕೈಜೋಡಿಸಿವೆ. ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ಡು ಇರುತ್ತದೆ. ಗಣಿತದ ಮೇಷ್ಟರು ಅದನ್ನು ಎರವಲು ಪಡೆದಿರುತ್ತಾರೆ, ಹಿಂದಿರುಗಿಸುವುದಿಲ್ಲ. ಪೋಷಕರ ಸಭೆಗೆ ಬಂದ ತಂದೆತಾಯಿಗಳು ಅಂಕಗಳನ್ನು ವಿಚಾರಿಸುವಂತೆ ಆ ಪೀರಿಯಡ್ಡು ಎಲ್ಲಿ ಹೋಯಿತೆಂದೂ ವಿಚಾರಿಸಬಹುದು. ಹಾಗೆ ವಿಚಾರಿಸಿದವರು ಇದುವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.