ಹಿಟ್ಟಿನ ಕೋಳಿ ಮತ್ತು ತೆರೆಯ ಮೇಲಿನ ರಕ್ತ

ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಜೈನ ಮನೆಗಳಲ್ಲಿ ರಾತ್ರಿಭೋಜನ ತ್ಯಾಗವನ್ನು ಇಂದಿಗೂ ಶ್ರದ್ಧೆಯಿಂದ ಪಾಲಿಸುವವರಿದ್ದಾರೆ. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಯುತ್ತದೆ, ನೀರನ್ನು ಸೋಸಿಯೇ ಕುಡಿಯುತ್ತಾರೆ, ಕಂದಮೂಲಗಳು ಅಡುಗೆಮನೆಯ ಹೊಸ್ತಿಲು ದಾಟದಂತೆ ಗೃಹಿಣಿಯರು ಎಚ್ಚರ ವಹಿಸುತ್ತಾರೆ. ಆದರೆ ದೀಪ ಹೊತ್ತಿದ ಮೇಲೆ ಅದೇ ಮನೆಯ ಮಕ್ಕಳು ಮೊಬೈಲಿನಲ್ಲಿ ದೆವ್ವದ ಚಿತ್ರ ಹಚ್ಚಿಕೊಂಡು ಕುಳಿತರೆ ತಡೆಯುವವರಿಲ್ಲ. ಈ ಗಡಿಭಾಗದ ಮನೆಗಳಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುವುದರಿಂದ ಮೂರು ಭಾಷೆಗಳ ದೆವ್ವಗಳಿಗೂ ಪ್ರವೇಶ ಸುಲಭ. ‘ಎ’ ಪ್ರಮಾಣಪತ್ರ ಪಡೆದ ಚಿತ್ರಕ್ಕೆ 18 ವರ್ಷ ತುಂಬದವರನ್ನು ಚಿತ್ರಮಂದಿರದೊಳಗೆ ಬಿಡಬಾರದೆಂಬ ನಿಯಮವಿದೆ. ಮನೆಯ ಬಾಗಿಲಲ್ಲಿ ಮಾತ್ರ ಟಿಕೆಟು ಹರಿಯುವವನು ನಿಂತಿರುವುದಿಲ್ಲ.

“ಅದು ಕೇವಲ ಮನೋರಂಜನೆ, ಕಥೆ ಆರಂಭವಾಗಿ ಹತ್ತು ನಿಮಿಷವೂ ಆಗಿಲ್ಲ” ಎಂಬುದು ಹಿರಿಯರ ಸಾಮಾನ್ಯ ಸಮಾಧಾನ. ವಾಸ್ತವವಾಗಿ ಆ ಹತ್ತು ನಿಮಿಷಗಳಲ್ಲಿಯೇ ಕೆಲಸ ಮುಗಿದಿರುತ್ತದೆ. ಭಯಾನಕ ಚಿತ್ರದ ಆರಂಭವೆಂಬುದು ಲೆಕ್ಕಾಚಾರದಿಂದ ಕೂಡಿದ ಒಂದು ವ್ಯವಹಾರ. 1949ರ ‘ಮಹಲ್’ ಚಿತ್ರದಲ್ಲಿ ಬಿರುಗಾಳಿಯ ರಾತ್ರಿ, ಪಾಳು ಬಂಗಲೆ, ಹಳೆಯ ದುರಂತವನ್ನು ಹೇಳುವ ಮುದಿ ತೋಟಗಾರ. 1984ರ ‘ಪುರಾನಾ ಮಂದಿರ್’ನಲ್ಲಿ ಇನ್ನೂರು ವರ್ಷ ಹಿಂದಿನ ರಾಜಪರಿವಾರ, ದುಷ್ಟನ ಶಿರಚ್ಛೇದ, ಅವನಿಟ್ಟ ವಂಶಶಾಪ. 1975ರ ‘ಜಾಸ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ರಾತ್ರಿಯ ಕಡಲಿನಲ್ಲಿ ಒಬ್ಬಳೇ ಈಜುವ ಯುವತಿ ನೀರಿನೊಳಕ್ಕೆ ಸೆಳೆಯಲ್ಪಡುತ್ತಾಳೆ. ಎಳೆದದ್ದು ಏನೆಂಬುದನ್ನು ತೋರಿಸುವುದೇ ಇಲ್ಲ.

ಜೈನಾಚಾರ್ಯರು ಭಯವನ್ನು ಏಳಾಗಿ ವಿಂಗಡಿಸಿದ್ದಾರೆ: ಇಹಲೋಕ, ಪರಲೋಕ, ಅತ್ರಾಣ, ಅಗುಪ್ತಿ, ಮರಣ, ವೇದನಾ ಮತ್ತು ಆಕಸ್ಮಿಕ. ಚಿತ್ರ ನಿರ್ಮಾಪಕರು ಈ ಪಟ್ಟಿಯನ್ನು ಓದಿರಲಾರರು, ಆದರೂ ಒಂದೊಂದನ್ನೂ ಬಳಸಿಕೊಂಡಿದ್ದಾರೆ. ಚಿಲಕ ಮುರಿದ ಒಂಟಿಮನೆಯಲ್ಲಿರುವುದು ಅಗುಪ್ತಿಭಯ, ಅಂದರೆ ಕಾವಲಿಲ್ಲದವನ ಭಯ. ಕಡಲಿನ ಯುವತಿಯದು ಅತ್ರಾಣಭಯ, ಕೂಗಿದರೂ ಕಾಪಾಡುವವರಿಲ್ಲ. ನಿಶ್ಶಬ್ದವನ್ನು ಎಳೆದೆಳೆದು ಕೊನೆಗೆ ದೊಡ್ಡ ಸದ್ದಿನಿಂದ ಬೆಚ್ಚಿಬೀಳಿಸುವುದು ಆಕಸ್ಮಿಕಭಯ. ಮೊದಲ ಬಾರಿ ಕತ್ತಲಿನಿಂದ ಬೆಕ್ಕು ಜಿಗಿಯುತ್ತದೆ, ನೋಡುವವನು ನಕ್ಕು ಸಡಿಲಗೊಳ್ಳುತ್ತಾನೆ. ಆ ಸಡಿಲತೆಯನ್ನು ಕಾದೇ ಎರಡನೆಯ ಹೊಡೆತ ಬೀಳುತ್ತದೆ. ಅನಂತರ ಒಂದು ಬಾಗಿಲು ಗಾಳಿಗೆ ಅಲುಗಿದರೂ ಸಾಕು, ಎದೆ ತಾನಾಗಿ ಬಡಿದುಕೊಳ್ಳುತ್ತದೆ. ಭಯವು ನೋಕಷಾಯ. ಅದನ್ನು ಕ್ಷೀಣಗೊಳಿಸಲೆಂದು ಶ್ರಾವಕನು ವ್ರತ ಹಿಡಿಯುತ್ತಾನೆ. ಅದನ್ನು ಕೆರಳಿಸಿಕೊಳ್ಳಲೆಂದು ಅವನ ಮಗ ಹಣ ಕೊಡುತ್ತಾನೆ. ಅಭಯದಾನವನ್ನು ಶ್ರೇಷ್ಠ ದಾನಗಳಲ್ಲಿ ಎಣಿಸಿದ ಸಮಾಜ ಭಯದ ಗ್ರಾಹಕನಾಗಿರುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. 1978ರಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ‘ಹ್ಯಾಲೋವೀನ್’ ಚಿತ್ರದ ಆರಂಭವನ್ನು ಕೊಲೆಗಾರನ ಕಣ್ಣಿನಿಂದಲೇ ತೋರಿಸಲಾಗಿದೆ. ಪ್ರೇಕ್ಷಕನು ಅವನೊಂದಿಗೆ ಮನೆಯ ಸುತ್ತ ಸುಳಿಯುತ್ತಾನೆ, ಚೂರಿ ಕೈಗೆತ್ತಿಕೊಳ್ಳುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಮುಖವಾಡದ ತೂತುಗಳಿಂದ ನೋಡುತ್ತಾನೆ. ಕೊನೆಗೆ ಮುಖವಾಡ ಕಳಚಿದಾಗ ಅಕ್ಕನನ್ನು ಕೊಂದವನು ಆರು ವರ್ಷದ ಬಾಲಕನೆಂದು ತಿಳಿಯುತ್ತದೆ. ಈ ಕ್ರಮವನ್ನು ಆ ಬಳಿಕ ಎಷ್ಟೋ ಚಿತ್ರಗಳು ಅನುಸರಿಸಿವೆ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಗೆ ಮೂರು ದಾರಿಗಳನ್ನು ಶಾಸ್ತ್ರ ಹೇಳುತ್ತದೆ. ಕೊಲೆಗಾರನ ಕಣ್ಣಲ್ಲಿ ಕುಳಿತು, ಮುಂದೇನಾಗುವುದೋ ಎಂದು ಕಾತರಿಸುವ ಮನಸ್ಸು ಯಾವ ದಾರಿಯಲ್ಲಿ ನಡೆಯುತ್ತಿದೆಯೆಂಬುದನ್ನು ಪ್ರತಿ ತಂದೆತಾಯಿಯೂ ವಿಚಾರಿಸಬೇಕು.

“ಅದು ರಕ್ತವಲ್ಲ, ಬಣ್ಣದ ನೀರು” ಎನ್ನುವವರಿಗೆ ಕನ್ನಡದ ಜೈನ ಕವಿಯೊಬ್ಬ 1209ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ಜೀವವಿರಲಿಲ್ಲ, ತಾಯಿಯ ಒತ್ತಾಯಕ್ಕೆ ಕಂಡುಕೊಂಡ ಜಾಣತನದ ಉಪಾಯ ಅದು. ಆದರೆ ಕತ್ತಿ ಎತ್ತಿದ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ತಾಯಿಯೂ ಮಗನೂ ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ಬಳಲಬೇಕಾಯಿತು. ಕೃತಕ ವಸ್ತುವಿನ ಮೇಲೆ ನಡೆದ ಭಾವಹಿಂಸೆಗೆ ಇಷ್ಟು ನಿಷ್ಠುರವಾದ ವಿಚಾರಣೆ ಬೇರೆಡೆ ಅಪರೂಪ.

ಆ ಕಾವ್ಯದ ಆರಂಭವೇ ಭಯಾನಕವಲ್ಲವೆ ಎಂದು ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಚಂಡಮಾರಿಯ ಗುಡಿ, ಬಲಿಗೆ ಕಟ್ಟಿದ ಪ್ರಾಣಿಗಳು, ಕತ್ತಿ ಹಿಡಿದ ಮಾರಿದತ್ತ, ಅವನೆದುರು ತಂದು ನಿಲ್ಲಿಸಿದ ಇಬ್ಬರು ಎಳೆಯರು. ಪಾರ್ಶ್ವನಾಥರ ಚರಿತ್ರೆಯಲ್ಲಿಯೂ ಕಮಠನ ಉಪಸರ್ಗದ ಗುಡುಗು, ಮಳೆಗಳಿವೆ. ವ್ಯತ್ಯಾಸವಿರುವುದು ಕಣ್ಣನ್ನು ಎಲ್ಲಿಟ್ಟಿದ್ದಾರೆ ಎಂಬುದರಲ್ಲಿ. ಜನ್ನನು ಓದುಗನನ್ನು ಮಾರಿದತ್ತನ ಕತ್ತಿಯ ಹಿಂದೆ ನಿಲ್ಲಿಸುವುದಿಲ್ಲ. ಅಭಯರುಚಿಯ ಅಂಜದ ಮುಖದೆದುರು ನಿಲ್ಲಿಸುತ್ತಾನೆ. ಬೀದರ್ ತಾಲ್ಲೂಕಿನ ಕಮಠಾಣದ ಬಸದಿಗೆ ಹೋದವರು ಕೈಮುಗಿಯುವುದು ಚಂಡಮಾರುತಕ್ಕಲ್ಲ, ಅದರ ನಡುವೆ ಅಲುಗದೆ ಇದ್ದ ಪಾರ್ಶ್ವನಾಥರಿಗೆ.

ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2018ರ ‘ತುಂಬಾಡ್’ ಲೋಭದ ಫಲವನ್ನು ಪರಿಗ್ರಹದ ಪ್ರವಚನಕ್ಕಿಂತ ತೀಕ್ಷ್ಣವಾಗಿ ತೋರಿಸುತ್ತದೆಂದರೆ ಪಂಡಿತರು ಕೋಪಿಸಿಕೊಳ್ಳಬಾರದು. ಆದರೆ ಅದು ವಯಸ್ಕರಿಗೆ ಹೇಳಿದ ಕಥೆ, ಮಲಗುವ ಮುನ್ನ ಮಗುವಿಗೆ ತೋರಿಸುವಂಥದಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅನರ್ಥದಂಡಗಳ ಪೈಕಿ ದುಃಶ್ರುತಿಯನ್ನು, ಅಂದರೆ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದನ್ನು, ಸೇರಿಸಿದ್ದಾರೆ. ಅಂದು ಕಿವಿಗೆ ಹೇಳಿದ ನಿಯಮ ಇಂದು ಕಣ್ಣಿಗೂ ಅನ್ವಯಿಸುತ್ತದೆ. ದಶಲಕ್ಷಣ ಪರ್ವದಲ್ಲಿ ಮಂದಿರದ ಟ್ರಸ್ಟುಗಳು ನಿಯಮಗಳ ಪಟ್ಟಿಯನ್ನು ಹಂಚುವಾಗ ಹಸಿರು ತರಕಾರಿಯ ಸಾಲಿನ ಕೆಳಗೆ ಇದಕ್ಕೂ ಒಂದು ಸಾಲು ಬರೆಯಲಿ. ಉತ್ತಮ ಸಂಯಮದ ದಿನ ಸಂಜೆ ‘ಯಶೋಧರ ಚರಿತೆ’ಯ ಆರಂಭಭಾಗವನ್ನು ಮಕ್ಕಳಿಗೆ ಹೊಸಗನ್ನಡದಲ್ಲಿ ಓದಿ ಹೇಳುವ ಏರ್ಪಾಡಾಗಲಿ, ಔರಾದ್ ಕಡೆ ಮರಾಠಿ ಮನೆಮಾತಿನ ಮಕ್ಕಳು ಹೆಚ್ಚಿರುವಲ್ಲಿ ಅದೇ ಕಥೆಯನ್ನು ಮರಾಠಿಯಲ್ಲಿ ಹೇಳಬಲ್ಲ ಹಿರಿಯರನ್ನು ಈಗಿನಿಂದಲೇ ಗೊತ್ತುಮಾಡಿಕೊಳ್ಳಬೇಕು.